ಪತ್ತೇದಾರಿ ಕಥೆಯ ಕೊಲೆಸಂಚು ನಿಜವಾಗಿಯೂ ನಡೆಯುತ್ತದೆಯೇ?

ಕಳೆದ ವಾರ ಎಂಟನೇ ತರಗತಿಯಲ್ಲಿ ಪಾಠ ಮುಗಿದಿತ್ತು, ಗಂಟೆ ಹೊಡೆಯಲು ಇನ್ನೂ ಹತ್ತು ನಿಮಿಷವಿತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ.

"ಸಾರ್, 'ಪಾಪನಾಶಂ' ಸಿನಿಮಾದಲ್ಲಿ ಕಮಲ್ ಹಾಸನ್ ಬಸ್ ಟಿಕೆಟು, ಹೋಟೆಲ್ ಬಿಲ್ಲು ಎಲ್ಲಾ ಜೋಡಿಸಿಕೊಂಡು ಪೊಲೀಸರನ್ನೇ ಏಮಾರಿಸ್ತಾರಲ್ಲ, ಹಂಗೆ ನಿಜವಾಗ್ಲೂ ಯಾರಾದ್ರೂ ಮಾಡ್ತಾರಾ? ಇಲ್ಲಾ ಬರೀ ಕಥೆಯಾ?"

ತರಗತಿಯೆಲ್ಲ ನಕ್ಕಿತು. ನಾವೂ ನಕ್ಕೆವು. "ಅದೆಲ್ಲಾ ಸಿನಿಮಾ ಕಣಪ್ಪಾ, ಕೂತ್ಕೋ" ಎಂದು ಹೇಳಿ ಕಳಿಸಿಬಿಟ್ಟೆವು. ಆದರೆ ಸಂಜೆ ನಂಗವಳ್ಳಿ ಬಸ್ಸಿನಲ್ಲಿ ಕೂತು ಬರುವಾಗ ಆ ಪ್ರಶ್ನೆ ತಲೆಯಿಂದ ಇಳಿಯಲಿಲ್ಲ. ಚರಿತ್ರೆ ಪಾಠ ಮಾಡುವ ನಾವು, ಚರಿತ್ರೆಯಲ್ಲಿಯೇ ಉತ್ತರವಿರುವ ಪ್ರಶ್ನೆಗೆ 'ಕೂತ್ಕೋ' ಎಂದುಬಿಟ್ಟೆವಲ್ಲ! ಆ ಹುಡುಗನಿಗೆ ಹೇಳಬೇಕಾಗಿದ್ದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ವಯಸ್ಸಿನವರಿಗೆ ಈ ರುಚಿ ಹೊಸದಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಕಾದಂಬರಿಗಳನ್ನು ಪಠ್ಯಪುಸ್ತಕದೊಳಗೆ ಬಚ್ಚಿಟ್ಟುಕೊಂಡು ಓದಿ ಬೆಳೆದವರು ನಾವು. ಗಡಿಯಾಚೆಗಿನ ನಮ್ಮಂಥವರಲ್ಲಿ ಎಷ್ಟೋ ಮಂದಿಗೆ ಕನ್ನಡ ಓದುವ ಚಟ ಹತ್ತಿದ್ದೇ ಅಂಥ ಪುಸ್ತಕಗಳಿಂದ. ಆದ್ದರಿಂದ ಅವುಗಳನ್ನು ಹಗುರವಾಗಿ ಮಾತಾಡುವ ಉದ್ದೇಶ ನಮಗಿಲ್ಲ.

ಮೊದಲ ಸಂಚು: ಅರಗಿನ ಮನೆ

ಲೆಕ್ಕ ಹಾಕಿ ಮಾಡಿದ ಕೊಲೆಸಂಚಿನ ಕಥೆ ಬೇಕೆಂದರೆ ಇಂಗ್ಲಿಷ್ ಕಾದಂಬರಿಗಳ ತನಕ ಹೋಗಬೇಕಾಗಿಲ್ಲ. ಮಹಾಭಾರತದಲ್ಲೇ ಇದೆ. ವಾರಣಾವತದಲ್ಲಿ ಅರಗು, ತುಪ್ಪ, ಎಣ್ಣೆ ಸೇರಿಸಿ ಮನೆ ಕಟ್ಟಿಸಿದರು. ಪುರೋಚನನನ್ನು ಅಲ್ಲೇ ಇರಿಸಿದರು. ಪಾಂಡವರಿಗೆ ನಂಬಿಕೆ ಬರುವ ತನಕ ಕಾದು, ಒಂದು ರಾತ್ರಿ ಬೆಂಕಿ ಇಟ್ಟರಾಯಿತು, ಆಕಸ್ಮಿಕ ಎಂದು ಲೋಕ ನಂಬುತ್ತದೆ. ಇದು ಯೋಜನೆ.

ಕೆಟ್ಟದ್ದು ಎಲ್ಲಿ? ಮನೆ ಕಟ್ಟುವುದಕ್ಕೆ ಕೈಗಳು ಬೇಕು, ಕೈಯಿದ್ದಲ್ಲಿ ಬಾಯಿಯೂ ಇರುತ್ತದೆ. ಗುಟ್ಟು ಆರು ಕಿವಿಗೆ ಬಿದ್ದರೆ ರಟ್ಟು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ವಿದುರನಿಗೆ ತಿಳಿಯಿತು, ಸುರಂಗ ತೋಡುವವನು ಬಂದ, ಪಾಂಡವರೇ ಮನೆಗೆ ಬೆಂಕಿ ಇಟ್ಟು ಪಾರಾದರು, ಪುರೋಚನ ಸುಟ್ಟುಹೋದ.

ಇಷ್ಟನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ಆದರೆ ಮುಂದಿನ ಒಂದು ಸಂಗತಿಯನ್ನು ಬೇಗ ದಾಟಿಸಿಬಿಡುತ್ತೇವೆ. ಆ ರಾತ್ರಿ ಅಲ್ಲಿ ಊಟಕ್ಕೆ ಬಂದು ಮಲಗಿದ್ದ ಒಬ್ಬ ಬೇಡರ ಹೆಂಗಸು, ಅವಳ ಐದು ಗಂಡುಮಕ್ಕಳು ಕೂಡ ಸುಟ್ಟುಹೋದರು. ಬೆಳಿಗ್ಗೆ ಸಿಕ್ಕ ಆರು ಹೆಣಗಳನ್ನು ನೋಡಿ ಕುಂತಿ ಮತ್ತು ಪಾಂಡವರು ಸತ್ತರೆಂದು ಊರು ಅತ್ತಿತು, ಹಸ್ತಿನಾವತಿಯಲ್ಲಿ ಕರ್ಮವೂ ನಡೆಯಿತು. ಆ ಆರು ಮಂದಿ ಯಾರು, ಅವರ ಮನೆಯಲ್ಲಿ ಯಾರು ಕಾಯುತ್ತಿದ್ದರು ಎಂದು ಒಬ್ಬರೂ ಕೇಳಲಿಲ್ಲ. ಓದುಗ ಮಿತ್ರರು ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಇದೇ ಮತ್ತೆ ಬರುತ್ತದೆ.

ಹೌರಾ ನಿಲ್ದಾಣದ ಸೂಜಿ

ಪುರಾಣ ಬಿಡಿ, ದಾಖಲೆಯಿರುವ ಕಾಲಕ್ಕೆ ಬರೋಣ. 1933ರ ನವೆಂಬರ್ 26. ಕಲ್ಕತ್ತೆಯ ಹೌರಾ ರೈಲು ನಿಲ್ದಾಣ. ಪಾಕುಡ್ ಜಮೀನ್ದಾರಿಯ ಕಿರಿಯ ವಾರಸುದಾರ ಅಮರೇಂದ್ರಚಂದ್ರ ಪಾಂಡೆ ಎಂಬ ಯುವಕ ಜನಜಂಗುಳಿಯಲ್ಲಿ ನಡೆಯುತ್ತಿದ್ದಾಗ ಖಾದಿ ತೊಟ್ಟ ಅಪರಿಚಿತನೊಬ್ಬ ತಾಗಿಕೊಂಡು ಹೋದ. ತೋಳಿಗೆ ಏನೋ ಚುಚ್ಚಿದಂತಾಯಿತು. ಜೊತೆಯಲ್ಲಿದ್ದ ಬಂಧುಗಳು "ಊರಿಗೆ ಹೋಗಬೇಡ, ರಕ್ತ ಪರೀಕ್ಷೆ ಮಾಡಿಸು" ಎಂದರು. ಮಲ ಅಣ್ಣ ಬಿನೊಯೇಂದ್ರ ಮಾತ್ರ ಅದನ್ನು ನಗೆಯಲ್ಲಿ ತೇಲಿಸಿ ಹೊರಡಿಸಿದ. ಡಿಸೆಂಬರ್ 4ರಂದು ಅಮರೇಂದ್ರ ತೀರಿಕೊಂಡ. ರಕ್ತದಲ್ಲಿ ಸಿಕ್ಕಿದ್ದು ಪ್ಲೇಗಿನ ರೋಗಾಣು!

ಆಸ್ತಿಗಾಗಿ ಅಣ್ಣನೇ ಮಾಡಿಸಿದ ಸಂಚು ಅದು. ಹಿಂದಿನ ವರ್ಷ ಮೂಗಿನ ಮೇಲೆ ಕೂರಿಸುವ ಕನ್ನಡಕಕ್ಕೆ ಧನುರ್ವಾಯುವಿನ ರೋಗಾಣು ಸವರಿ ಒಮ್ಮೆ ಪ್ರಯತ್ನಿಸಿದ್ದ, ತಮ್ಮ ಚಿಕಿತ್ಸೆಯಿಂದ ಬದುಕಿದ. ಆಮೇಲೆ ತಾರಾನಾಥ ಭಟ್ಟಾಚಾರ್ಯ ಎಂಬ ವೈದ್ಯನನ್ನು ಜೊತೆಗೆ ಸೇರಿಸಿಕೊಂಡು, ಸಂಶೋಧನೆಯ ನೆಪದಲ್ಲಿ ಮುಂಬಯಿಯ ಆಸ್ಪತ್ರೆಯಿಂದ ಪ್ಲೇಗಿನ ರೋಗಾಣುವನ್ನು ಸಂಪಾದಿಸಿದ. ಕಾದಂಬರಿಕಾರ ಬರೆದಿದ್ದರೆ "ಇದು ಅತಿಯಾಯಿತು" ಎಂದು ನಾವೇ ಪುಸ್ತಕ ಮುಚ್ಚುತ್ತಿದ್ದೆವು.

ಹಾಗಾದರೆ ಹುಡುಗನ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು. ಅಂಥ ಸಂಚುಗಳು ನಿಜವಾಗಿಯೂ ನಡೆದಿವೆ. ಆದರೆ ಇನ್ನರ್ಧ ನೋಡಿ. ಸಿಕ್ಕಿಬಿದ್ದದ್ದು ಸಂಚು ದೊಡ್ಡದಾಗಿದ್ದರಿಂದಲೇ. ಮುಂಬಯಿಗೆ ಹೋಗಬೇಕಾಯಿತು, ಹೋಟೆಲಿನ ಪುಸ್ತಕದಲ್ಲಿ ಹೆಸರು ಬಂತು, ತಂತಿ ಕಳಿಸಬೇಕಾಯಿತು, ವೈದ್ಯರ ಶಿಫಾರಸು ಬೇಕಾಯಿತು. ಒಂದೊಂದೂ ಒಂದು ಸಾಕ್ಷಿ. 1935ರಲ್ಲಿ ಇಬ್ಬರಿಗೂ ಮರಣದಂಡನೆಯಾಯಿತು, 1936ರಲ್ಲಿ ಹೈಕೋರ್ಟು ಅದನ್ನು ಜೀವಾವಧಿ ಗಡೀಪಾರಿಗೆ ಇಳಿಸಿತು. ಬಂಧುಗಳು "ಅಯ್ಯೋ ಪಾಪ, ಜ್ವರ" ಎಂದು ಸುಮ್ಮನಾಗಿದ್ದರೆ? ರೋಗಾಣು ಸಾಕ್ಷಿ ಹೇಳುವುದಕ್ಕೆ ಮೊದಲು ಒಬ್ಬ ಮನುಷ್ಯ ಅನುಮಾನಪಡಬೇಕಾಯಿತು.

ನಮ್ಮ ಮದ್ರಾಸಿನ ಟ್ರಂಕು

ನಮ್ಮ ಸೇಲಂ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು ತಾನೇ. ವಿಷವನ್ನು ಪರೀಕ್ಷಿಸುವ ರಾಸಾಯನಿಕ ಪರೀಕ್ಷಕರ ಪ್ರಯೋಗಾಲಯ ಭಾರತದಲ್ಲಿ ಮೊದಲು ಶುರುವಾದದ್ದು 1849ರಲ್ಲಿ, ಮದ್ರಾಸಿನಲ್ಲೇ. ಬೆರಳಚ್ಚಿನ ಕಚೇರಿ 1897ರಲ್ಲಿ ಕಲ್ಕತ್ತೆಯಲ್ಲಿ ಆರಂಭವಾಯಿತು. ಕಾದಂಬರಿಗಳು ಈ ವಿಜ್ಞಾನವನ್ನು ಸರಿಯಾಗಿಯೇ ಮೆಚ್ಚುತ್ತವೆ.

1952ರ ಆಗಸ್ಟಿನಲ್ಲಿ ಮದ್ರಾಸಿನಿಂದ ಹೊರಟ ಬೋಟ್ ಮೇಲ್ ರೈಲಿನ ಡಬ್ಬಿಯೊಂದರಲ್ಲಿ ವಾಸನೆ ಬಂತು. ಮಾನಾಮದುರೆಯಲ್ಲಿ ಟ್ರಂಕು ತೆಗೆಸಿದರೆ ರುಂಡವಿಲ್ಲದ ಶರೀರ. ರುಂಡ ಸಿಕ್ಕಿದ್ದು ಮದ್ರಾಸಿನ ರಾಯಪುರಂ ಕಡಲತೀರದಲ್ಲಿ. ಅದೇ ಆಳವಂದಾರ್ ಕೊಲೆ ಪ್ರಕರಣ, ನಮ್ಮ ಕಡೆ ಅಜ್ಜಂದಿರು ಈಗಲೂ ಹೇಳುತ್ತಾರೆ. ಎರಡೂ ಒಬ್ಬನದೇ ಎಂದು ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ತೋರಿಸಿಕೊಟ್ಟರು. ಮುಂಬಯಿಗೆ ಓಡಿಹೋಗಿದ್ದ ದಂಪತಿ ಸಿಕ್ಕರು. ಗಂಡನಿಗೆ ಏಳು ವರ್ಷ, ಹೆಂಡತಿಗೆ ಮೂರು ವರ್ಷ ಶಿಕ್ಷೆಯಾಯಿತು.

ಇಲ್ಲಿಯೂ ವಿಜ್ಞಾನಕ್ಕಿಂತ ಮೊದಲು ಒಂದು ಸಾದಾ ಸಂಗತಿ ನಡೆದಿತ್ತು. ರಾತ್ರಿ ಗಂಡ ಮನೆಗೆ ಬರಲಿಲ್ಲವೆಂದು ಹೆಂಡತಿ ಹೋಗಿ ವಿಚಾರಿಸಿದ್ದಳು. ಟ್ರಂಕಿನಲ್ಲಿದ್ದವನಿಗೆ ಹೆಸರು ಸಿಕ್ಕಿದ್ದು ಹಾಗೆ.

ರಿಚ್ಮಂಡ್ ರಸ್ತೆಯ ಅಂಗಳ

ಇನ್ನು ಬೆಂಗಳೂರಿಗೆ ಬರೋಣ. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲರ ಮೊಮ್ಮಗಳು ಶಕೀರಾ. ಆಕೆಯ ಎರಡನೇ ಗಂಡ, ಸ್ವಾಮಿ ಶ್ರದ್ಧಾನಂದ ಎಂದು ಹೆಸರಿಟ್ಟುಕೊಂಡಿದ್ದ ಮುರಳಿ ಮನೋಹರ ಮಿಶ್ರ. 1991ರ ಮೇ 28ರ ನಂತರ ಆಕೆಯನ್ನು ಯಾರೂ ನೋಡಲಿಲ್ಲ. ಆತ ಮೊದಲೇ ಉದ್ದನೆಯ ಮರದ ಪೆಟ್ಟಿಗೆ ಮಾಡಿಸಿದ್ದ, ಕೂಲಿಯವರಿಂದ ಮನೆಯ ಹಿಂದಿನ ಅಂಗಳದಲ್ಲಿ ಗುಂಡಿ ತೋಡಿಸಿದ್ದ. ಮತ್ತು ಬರಿಸಿ ಹೆಂಡತಿಯನ್ನು ಪೆಟ್ಟಿಗೆಯಲ್ಲಿ ಹಾಕಿ ಹೂತು, ಮೇಲೆ ಕಲ್ಲು ಹಾಸಿಸಿದ. ಆಮೇಲೆ ಅದೇ ಮನೆಯಲ್ಲಿ ಮೂರು ವರ್ಷದ ಹತ್ತಿರ ಆರಾಮವಾಗಿದ್ದು ಆಕೆಯ ಆಸ್ತಿ ಮಾರಿಕೊಂಡು ಕಾಲ ಕಳೆದ.

ಇದಕ್ಕಿಂತ ಕಾದಂಬರಿಯಂಥ ಸಂಚು ಬೇಕೇ? ಇದನ್ನು ಒಡೆದದ್ದು ಯಾರು? ಮಗಳು. "ಅಮ್ಮ ಎಲ್ಲಿ?" ಎಂದು ಕೇಳಿದಳು. ಒಮ್ಮೆ ಒಂದು ಉತ್ತರ, ಇನ್ನೊಮ್ಮೆ ಇನ್ನೊಂದು. ಅಮೆರಿಕದ ಆಸ್ಪತ್ರೆಯಲ್ಲಿದ್ದಾಳೆ ಎಂದಾಗ ಆ ಆಸ್ಪತ್ರೆಯಲ್ಲೇ ವಿಚಾರಿಸಿದಳು. ಅಂಥ ಹೆಸರಿನವರು ಅಲ್ಲಿರಲಿಲ್ಲ. 1992ರಲ್ಲಿ ಪೊಲೀಸರಿಗೆ ದೂರು ಕೊಟ್ಟಳು, ಬೆನ್ನು ಬಿಡಲಿಲ್ಲ. 1994ರ ಮಾರ್ಚಿನಲ್ಲಿ ಅಂಗಳ ಅಗೆದರು. 2008ರಲ್ಲಿ ಸುಪ್ರೀಂ ಕೋರ್ಟು ಮರಣದಂಡನೆಯ ಬದಲು ಸಾಯುವ ತನಕ ಸೆರೆಯಲ್ಲೇ ಇರಬೇಕೆಂದು ತೀರ್ಪು ಕೊಟ್ಟಿತು.

ದಿವಾನರ ಮನೆತನ, ಓದಿದ ಮಗಳು, ಕೇಳುವ ಶಕ್ತಿಯಿತ್ತು. ಅಂಥವರಿಗೇ ಮೂರು ವರ್ಷ ಹಿಡಿಯಿತು. ಕೇಳುವ ಶಕ್ತಿಯೇ ಇಲ್ಲದವರ ಮನೆಯಲ್ಲಿ ಏನಾಗುತ್ತದೆ?

ಬಸ್ ನಿಲ್ದಾಣದ ಇಪ್ಪತ್ತು ಹೆಣ್ಣುಮಕ್ಕಳು

ಈಗ ಹೇಳುವುದನ್ನು ಬರೆಯಲು ನಮಗೆ ನಾಚಿಕೆಯಾಗುತ್ತದೆ, ಏಕೆಂದರೆ ಆತ ನಮ್ಮ ವೃತ್ತಿಯವನು. ದಕ್ಷಿಣ ಕನ್ನಡದ ಬಂಟ್ವಾಳ ತಾಲೂಕಿನ ಮೋಹನ್ ಕುಮಾರ್ ಪ್ರಾಥಮಿಕ ಶಾಲೆಯ ಶಿಕ್ಷಕನಾಗಿದ್ದ. ಪತ್ರಿಕೆಗಳು ಆಮೇಲೆ ಇಟ್ಟ ಹೆಸರು 'ಸೈನೈಡ್ ಮೋಹನ'.

ಅವನ ಸಂಚಿನಲ್ಲಿ ಪ್ಲೇಗಿನ ರೋಗಾಣು ಇಲ್ಲ, ಮರದ ಪೆಟ್ಟಿಗೆ ಇಲ್ಲ. ಬಡ ಮನೆಯ, ಮದುವೆಯ ವಯಸ್ಸು ಮೀರುತ್ತಿರುವ, ವರದಕ್ಷಿಣೆ ಕೊಡಲಾಗದ ಹೆಣ್ಣುಮಕ್ಕಳನ್ನು ಹುಡುಕುತ್ತಿದ್ದ. "ವರದಕ್ಷಿಣೆ ಬೇಡ, ಮದುವೆಯಾಗುತ್ತೇನೆ" ಎನ್ನುತ್ತಿದ್ದ. ಒಡವೆ ಹಾಕಿಕೊಂಡು ಬರಲು ಹೇಳಿ ಬೇರೆ ಊರಿಗೆ ಕರೆದೊಯ್ದು ಲಾಡ್ಜಿನಲ್ಲಿ ಸುಳ್ಳು ಹೆಸರು ಬರೆಸುತ್ತಿದ್ದ. ಬೆಳಿಗ್ಗೆ ಒಡವೆಯನ್ನು ಕೋಣೆಯಲ್ಲೇ ಬಿಡಿಸಿ, ಬಸ್ ನಿಲ್ದಾಣಕ್ಕೆ ಕರೆತಂದು, ಗರ್ಭ ನಿಲ್ಲದಿರಲು ಮಾತ್ರೆ ಎಂದು ಸೈನೈಡ್ ಕೊಟ್ಟು, ಶೌಚಾಲಯದೊಳಗೆ ಹೋಗಿ ನುಂಗು ಎನ್ನುತ್ತಿದ್ದ. ಬಾಗಿಲಿನ ಚಿಲಕವನ್ನು ಒಳಗಿನಿಂದ ಹಾಕಿಕೊಳ್ಳುತ್ತಿದ್ದವಳು ಆಕೆಯೇ. ಇವನು ಲಾಡ್ಜಿಗೆ ಹಿಂತಿರುಗಿ ಒಡವೆ ತೆಗೆದುಕೊಂಡು ಹೊರಟುಹೋಗುತ್ತಿದ್ದ.

ಮೈಸೂರು, ಬೆಂಗಳೂರು, ಮಡಿಕೇರಿ, ಹಾಸನ... ಬಸ್ ನಿಲ್ದಾಣಗಳ ಶೌಚಾಲಯಗಳಲ್ಲಿ ಒಳ್ಳೆಯ ಸೀರೆ ಉಟ್ಟ ಹೆಣ್ಣುಮಕ್ಕಳ ಹೆಣಗಳು ಸಿಗುತ್ತಾ ಹೋದವು. ಒಳಗಿನಿಂದ ಚಿಲಕ, ಆದ್ದರಿಂದ ಆತ್ಮಹತ್ಯೆ. ಇಲ್ಲವೇ ಅಪಸ್ಮಾರ. ವಾರಸುದಾರರಿಲ್ಲದ ಹೆಣ ಎಂದು ಬರೆದರು, ಮುಗಿಯಿತು. ಒಂದು ಊರಿನ ಠಾಣೆಗೂ ಇನ್ನೊಂದು ಊರಿನ ಠಾಣೆಗೂ ಮಾತಿಲ್ಲ. ಅತ್ತ ಮನೆಯವರು? ಮಗಳು ಯಾರದೋ ಜೊತೆ ಓಡಿಹೋದಳು, ಊರಿಗೆ ಗೊತ್ತಾದರೆ ಮಾನ ಹೋಗುತ್ತದೆ, ತಂಗಿಯರ ಮದುವೆ ನಿಲ್ಲುತ್ತದೆ ಎಂದು ಎಷ್ಟೋ ಮನೆಯವರು ಬಾಯಿ ಬಿಡಲಿಲ್ಲ. ಹೀಗೆ ವರ್ಷಗಟ್ಟಲೆ ನಡೆಯಿತು, ಇಪ್ಪತ್ತು ಹೆಣ್ಣುಮಕ್ಕಳು!

2009ರ ಜೂನಿನಲ್ಲಿ ಬಂಟ್ವಾಳದ ಬರಿಮಾರಿನ ಯುವತಿಯೊಬ್ಬಳು ಕಾಣೆಯಾದಾಗ ಮಾತ್ರ ಮನೆಯವರು, ಸಮುದಾಯದವರು ಸುಮ್ಮನಿರಲಿಲ್ಲ. ಠಾಣೆಯ ಮುಂದೆ ಜನ ನಿಂತರು. ಪೊಲೀಸರು ಫೋನಿನ ಕರೆಗಳ ಪಟ್ಟಿ ತೆಗೆಸಿದರು. ಆ ಫೋನಿನ ಜಾಡು ಹಿಡಿದು ಹೋದರೆ ಕಾಣೆಯಾದ ಇನ್ನೊಬ್ಬಳ ಫೋನು, ಅಲ್ಲಿಂದ ಕಾಣೆಯಾದ ಮತ್ತೊಬ್ಬಳ ಫೋನು. ಸರಪಳಿ ಎಳೆದಂತೆ ಬಂತು. ಅಕ್ಟೋಬರಿನಲ್ಲಿ ಆತ ಸಿಕ್ಕ. ಬದುಕಿ ಉಳಿದಿದ್ದ ಒಬ್ಬಾಕೆ ನ್ಯಾಯಾಲಯಕ್ಕೆ ಬಂದು ಸಾಕ್ಷಿ ಹೇಳಿದಳು. ಎಂಥ ಧೈರ್ಯ ಬೇಕು ನೋಡಿ! 2013ರ ಡಿಸೆಂಬರಿನಲ್ಲಿ ಮಂಗಳೂರಿನ ನ್ಯಾಯಾಲಯ ಮರಣದಂಡನೆ ವಿಧಿಸಿತು. 2017ರಲ್ಲಿ ಬರಿಮಾರಿನ ಪ್ರಕರಣದ ಮರಣದಂಡನೆಯನ್ನು ಹೈಕೋರ್ಟು ಜೀವನಪೂರ್ತಿ ಸೆರೆವಾಸಕ್ಕೆ ಇಳಿಸಿತು. ಇಪ್ಪತ್ತನೆಯ, ಕೊನೆಯ ಪ್ರಕರಣದ ತೀರ್ಪು ಬಂದದ್ದು 2020ರ ಜೂನಿನಲ್ಲಿ. ಆಕೆ ಕಾಸರಗೋಡಿನವಳು, ನಮ್ಮ ಹಾಗೆ ಗಡಿಯಾಚೆಯವಳು.

ಬುದ್ಧಿವಂತಿಕೆಯ ಲೆಕ್ಕದಲ್ಲಿ ಪಾಕುಡಿನ ಸಂಚಿನ ಮುಂದೆ ಇದು ಏನೂ ಅಲ್ಲ. ಆದರೂ ಅದು ತಿಂಗಳುಗಳಲ್ಲಿ ಒಡೆಯಿತು, ಇದು ವರ್ಷಗಟ್ಟಲೆ ಉಳಿಯಿತು. ಕಾರಣ ಒಂದೇ. ಅಲ್ಲಿ ಸತ್ತವನು ಜಮೀನ್ದಾರರ ಮಗ. ಇಲ್ಲಿ ಸತ್ತವರು ಬಡವರ ಹೆಣ್ಣುಮಕ್ಕಳು. ವಾರಣಾವತದ ಆ ತಾಯಿ ಮತ್ತು ಐದು ಮಕ್ಕಳ ಹಾಗೆ, ಇವರನ್ನೂ ಯಾರೂ ಕೇಳಲಿಲ್ಲ.

ನಮ್ಮ ಪಕ್ಕದ ಓಮಲೂರು

ದೂರದ ಊರಿನ ಮಾತು ಎಂದುಕೊಳ್ಳುವ ಹಾಗಿಲ್ಲ. ನಮಗೆ ಪಕ್ಕದ ಓಮಲೂರಿನ ಗೋಕುಲ್‌ರಾಜ್ ಎಂಬ ಯುವಕ, ಇಂಜಿನಿಯರಿಂಗ್ ಓದಿದವನು, 2015ರ ಜೂನ್ 23ರಂದು ಮನೆಯಿಂದ ಹೋದವನು ಬರಲಿಲ್ಲ. ಮರುದಿನ ಪಳ್ಳಿಪಾಳಯದ ಬಳಿ ರೈಲು ಹಳಿಯ ಮೇಲೆ ಹೆಣ ಸಿಕ್ಕಿತು. ಆತ್ಮಹತ್ಯೆ ಎಂದು ತೋರಿಸುವ ಪತ್ರವೂ ಇತ್ತು. ಬೇರೆ ಜಾತಿಯ ಹುಡುಗಿಯೊಡನೆ ಮಾತಾಡಿದ್ದೇ ಅವನ ತಪ್ಪು. ತಾಯಿ ಒಪ್ಪಲಿಲ್ಲ, "ನನ್ನ ಮಗ ಹಾಗೆ ಮಾಡಿಕೊಳ್ಳುವವನಲ್ಲ" ಎಂದು ನಿಂತಳು. ತಿರುಚೆಂಗೋಡಿನ ದೇವಸ್ಥಾನದ ಕ್ಯಾಮೆರಾದಲ್ಲಿ ಅವನನ್ನು ಕರೆದೊಯ್ದವರು ಕಂಡರು. 2022ರ ಮಾರ್ಚಿನಲ್ಲಿ ಮದುರೆಯ ವಿಶೇಷ ನ್ಯಾಯಾಲಯ ಹತ್ತು ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. 2023ರಲ್ಲಿ ಮದ್ರಾಸ್ ಹೈಕೋರ್ಟು ಮುಖ್ಯ ಅಪರಾಧಿಯ ಶಿಕ್ಷೆಯನ್ನು ಎತ್ತಿಹಿಡಿಯಿತು.

ಕ್ಯಾಮೆರಾ ಅಲ್ಲಿತ್ತು ನಿಜ. ತಾಯಿ ಒಪ್ಪಿಕೊಂಡು ಮನೆಗೆ ಹೋಗಿದ್ದರೆ ಅದನ್ನು ತೆಗೆದು ನೋಡುವವರು ಯಾರು?

ಹಾಗಾದರೆ ನಂಬಲಾಗದ್ದು ಯಾವುದು?

ಕಾದಂಬರಿಗಳಲ್ಲಿ ಕೊಲೆಗಾರ ಮಹಾಬುದ್ಧಿವಂತ, ಅವನನ್ನು ಹಿಡಿಯುವವನು ಅವನಿಗಿಂತ ಬುದ್ಧಿವಂತ. ಬೀಗ ಹಾಕಿದ ಕೋಣೆ, ಅಪರೂಪದ ವಿಷ, ಗಡಿಯಾರದ ಮುಳ್ಳು ತಿರುಗಿಸುವುದು, ಇವು ನಡೆಯಲಾರವು ಎಂದು ಹೇಳುವಂತಿಲ್ಲ. ಮೇಲಿನ ಪ್ರಕರಣಗಳನ್ನು ನೋಡಿದರೆ ನಡೆದೇ ಇವೆ. ಒಳಗಿನಿಂದ ಚಿಲಕ ಹಾಕಿದ ಕೋಣೆಯಂತೂ ಬಸ್ ನಿಲ್ದಾಣದಲ್ಲೇ ಸಿಕ್ಕಿತು.

ನಮಗೆ ನಂಬಲು ಕಷ್ಟವಾಗುವುದು ಕಾದಂಬರಿಯ ಇನ್ನೊಂದು ಭಾಗ. ಅಲ್ಲಿ ಹೆಣ ಸಿಕ್ಕ ಕೂಡಲೇ ಎಲ್ಲರೂ ಎದ್ದು ನಿಲ್ಲುತ್ತಾರೆ. ಮೊದಲ ಅಧ್ಯಾಯದಲ್ಲೇ ಪತ್ತೇದಾರ ಬಂದುಬಿಡುತ್ತಾನೆ. ಸತ್ತವರು ಯಾರೇ ಆಗಿರಲಿ, ಅವರ ಹೆಸರೇನು, ಯಾವ ಊರು, ಕೊನೆಗೆ ಯಾರ ಜೊತೆ ಮಾತಾಡಿದರು ಎಂದು ಅವನು ಕೇಳುತ್ತಾನೆ. ನಿಜ ಜೀವನದಲ್ಲಿ ಆ ಮೊದಲ ಅಧ್ಯಾಯವೇ ಬರುವುದಿಲ್ಲ. ಎಷ್ಟೋ ಕೊಲೆಗಾರರನ್ನು ಕಾಪಾಡುವುದು ಅವರ ಸಂಚಲ್ಲ, ನಮ್ಮ 'ನಮಗ್ಯಾಕೆ' ಎನ್ನುವ ಮಾತು.

ಹಾಜರಿ ಪುಸ್ತಕದ ಕೆಂಪು ಗೆರೆ

ಇಷ್ಟೆಲ್ಲ ಬರೆದ ಮೇಲೆ ನಮ್ಮ ತಪ್ಪನ್ನೂ ಬರೆಯಬೇಕು. ನಾವು ಕೆಲಸಕ್ಕೆ ಸೇರಿದ ಹೊಸದರಲ್ಲಿ ಏಳನೇ ತರಗತಿಯ ಹುಡುಗಿಯೊಬ್ಬಳು ಪೊಂಗಲ್ ರಜೆಯ ನಂತರ ಬರಲಿಲ್ಲ. ಮಗ್ಗದ ಮನೆಯವಳು, ಚೆನ್ನಾಗಿ ಓದುತ್ತಿದ್ದಳು. ಪಕ್ಕದ ಮನೆಯ ಮಕ್ಕಳನ್ನು ಕೇಳಿದರೆ ಒಬ್ಬಳು "ಮದುವೆಯಂತೆ ಸಾರ್" ಎಂದಳು, ಇನ್ನೊಬ್ಬಳು "ಅತ್ತೆ ಮನೆಗೆ ಹೋದಳು" ಎಂದಳು. ಎರಡು ಉತ್ತರ ಬಂದಾಗಲೇ ನಾವು ಎದ್ದು ಹೋಗಬೇಕಿತ್ತು. ಹೋಗಲಿಲ್ಲ. ಕೆಲವು ವಾರ ಕಾದು 'ದೀರ್ಘ ಗೈರುಹಾಜರಿ' ಎಂದು ಬರೆದು ಹೆಸರಿನ ಮೇಲೆ ಕೆಂಪು ಗೆರೆ ಎಳೆದೆವು.

ಎರಡು ವರ್ಷ ಕಳೆದು ಸಂತೆಯಲ್ಲಿ ಸಿಕ್ಕಳು. ದೇವರ ದಯೆ, ಬದುಕಿದ್ದಳು. ತಿರುಪ್ಪೂರಿನ ಕಡೆ ನೂಲಿನ ಗಿರಣಿಗೆ ಕಳಿಸಿದ್ದರಂತೆ. ಬಡಕಲಾಗಿದ್ದಳು, ಕೆಮ್ಮುತ್ತಿದ್ದಳು. ನಾವು "ಯಾಕಮ್ಮಾ ಹೇಳದೆ ಹೋದೆ?" ಎಂದೆವು. ಅವಳು ನೆಲ ನೋಡುತ್ತಾ, "ನೀವು ಯಾರಾದ್ರೂ ಕೇಳ್ಕೊಂಡು ಬರ್ತೀರಿ ಅಂತ ಅಂದ್ಕೊಂಡಿದ್ದೆ ಸಾರ್" ಎಂದಳು. ಆ ಮಾತು ಇಂದಿಗೂ ನಮ್ಮನ್ನು ಬಿಟ್ಟಿಲ್ಲ.

ಅಂದಿನಿಂದ ಒಂದು ನಿಯಮ ಮಾಡಿಕೊಂಡಿದ್ದೇವೆ. ಸತತವಾಗಿ ಮೂರು ದಿನ ಒಂದು ಮಗು ಬರದಿದ್ದರೆ ಸಂಜೆ ಆ ಮನೆಯ ಬಾಗಿಲಿಗೆ ಹೋಗುತ್ತೇವೆ. ಹೆಚ್ಚಿನ ಸಲ ಜ್ವರವೋ, ನೆಂಟರ ಮದುವೆಯೋ ಇರುತ್ತದೆ. "ಇದಕ್ಕೆ ಬಂದಿರಾ ಸಾರ್?" ಎಂದು ನಗುತ್ತಾರೆ, ಕಾಪಿ ಕೊಡುತ್ತಾರೆ. ನಗಲಿ. ಒಂದೆರಡು ಸಲ ಮಾತ್ರ ಹೋದದ್ದರಿಂದ ಒಂದು ಮದುವೆ ನಿಂತಿದೆ, ಒಂದು ಮಗು ಮತ್ತೆ ಬೆಂಚಿನ ಮೇಲೆ ಕೂತಿದೆ.

ನಮ್ಮ ಕನ್ನಡ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಕಡಿಮೆ ಎಂದು ನಾವೆಲ್ಲ ಕೊರಗುತ್ತೇವೆ. ಕಡಿಮೆ ಇರುವುದರಲ್ಲಿ ಒಂದು ಅನುಕೂಲವೂ ಇದೆ, ಪ್ರತಿಯೊಂದು ಮಗುವಿನ ಮನೆಯ ದಾರಿ ನಮಗೆ ಗೊತ್ತಿದೆ. ಹೆತ್ತವರೇ, ಸಹೋದ್ಯೋಗಿಗಳೇ, ಆ ದಾರಿಯಲ್ಲಿ ಆಗಾಗ ನಡೆಯೋಣ. ಮಕ್ಕಳು ಪತ್ತೇದಾರಿ ಪುಸ್ತಕ ಓದಿದರೆ ಕಿತ್ತುಕೊಳ್ಳಬೇಡಿ, ಓದಲಿ. ಪುರುಷೋತ್ತಮನಿಂದ ಅವರು ಸಂಚು ಹೂಡುವುದನ್ನಲ್ಲ, ಪ್ರಶ್ನೆ ಕೇಳುವುದನ್ನು ಕಲಿಯುತ್ತಾರೆ.

ನಾಳೆ ಆ ಹುಡುಗನನ್ನು ಎಬ್ಬಿಸಿ ನಿಲ್ಲಿಸಿ, "ನೀನು ಕೇಳಿದ್ದು ಒಳ್ಳೆಯ ಪ್ರಶ್ನೆ ಕಣಪ್ಪಾ, ಅವತ್ತು ನಾವು ನಕ್ಕದ್ದು ತಪ್ಪು" ಎಂದು ತರಗತಿಯ ಮುಂದೆಯೇ ಹೇಳಬೇಕೆಂದಿದ್ದೇವೆ. ಆಮೇಲೆ ಅರಗಿನ ಮನೆಯ ಕಥೆಯನ್ನು ಇನ್ನೊಮ್ಮೆ ಹೇಳಿ, ಈ ಸಲ ಆ ಆರು ಮಂದಿ ಯಾರೆಂದು ಮಕ್ಕಳನ್ನೇ ಕೇಳುತ್ತೇವೆ.